ನಿವೃತ್ತ ಫಾದರ್ ಅದೇ ಪ್ಯಾರಿಷ್‌ನಲ್ಲೇ ಉಳೀಬೇಕಾ? ಪರ-ವಿರೋಧ

ಪರ

ಈ ಕಡೆ ನನ್ನ ಪಾಲಿಗೆ ಬಂದಿದೆ, ಪೂರ್ತಿ ಒಪ್ಪಿಗೆ ಇಲ್ದಿದ್ರೂ ಬರೀತೀನಿ. ಕ್ಯಾಥೊಲಿಕ್ ಚರ್ಚ್ ಕಾನೂನಿನ 538ನೇ ವಿಧಿ 75 ತುಂಬಿದ ಪ್ಯಾರಿಷ್ ಪ್ರೀಸ್ಟ್‌ಗೆ, ಅಂದ್ರೆ ಒಂದು ಊರಿನ ಚರ್ಚ್ ನೋಡ್ಕೊಳ್ಳೋ ಗುರುಗೆ, ರಾಜೀನಾಮೆ ಕೊಡಿ ಅಂತ ಕೇಳ್ಕೊಳ್ಳತ್ತೆ, ಒಪ್ಪೋದು ಬಿಡೋದು ಬಿಷಪ್ ಕೈಲಿರತ್ತೆ, ಆಮೇಲೆ ಅವರ ಊಟ-ವಸತಿ ನೋಡ್ಕೊಳ್ಳೋ ಜವಾಬ್ದಾರೀನೂ ಬಿಷಪ್‌ದೇ. ಹೋಗೋದು ಹುದ್ದೆ, ಗುರುದೀಕ್ಷೆ ಅಲ್ಲ. ಹೊಸಬರು ಒಂದರ ಹಿಂದೊಂದು ಪೂಜೆ ಮಾಡ್ತಾ ಸುಸ್ತಾಗಿರುವಾಗ ಪಾಪನಿವೇದನೆ ಕೇಳೋಕೆ ಒಬ್ಬ ಹಿರಿಯರು ಕೂತಿದ್ರೆ ಯಾರಿಗೆ ನಷ್ಟ? 2013ರಲ್ಲಿ ಪದವಿ ಬಿಟ್ಟ ಪೋಪ್ ಬೆನೆಡಿಕ್ಟ್ 2022ರ ಡಿಸೆಂಬರ್ 31ಕ್ಕೆ ತೀರಿಕೊಂಡಿದ್ದು ವ್ಯಾಟಿಕನ್ ಒಳಗೇ. ಮನೇಲಿ ಅಜ್ಜ ಇದ್ದ ಹಾಗೆ ಅಂದಿದ್ರು ಅವರ ನಂತರ ಬಂದ ಪೋಪ್ ಫ್ರಾನ್ಸಿಸ್. ಅಲ್ಲಿ ನಡೆದದ್ದು ಇಲ್ಲಿ ಯಾಕೆ ನಡಿಯಲ್ಲ?

ವಿರೋಧ

ಅಲ್ಲೂ ಸಲೀಸಾಗಿ ನಡೀಲಿಲ್ಲ ಸ್ವಾಮಿ! 2020ರ ಜನವರಿಯಲ್ಲಿ ಗುರುಗಳ ಬ್ರಹ್ಮಚರ್ಯದ ಬಗ್ಗೆ ಬಂದ ಪುಸ್ತಕದಲ್ಲಿ ಬೆನೆಡಿಕ್ಟ್ ಹೆಸರು ಸಹಲೇಖಕರಾಗಿ ಬಂದು, ಹೊಸ ಪೋಪ್‌ಗೆ ಎದುರಾಗಿ ಹಳೇ ಪೋಪ್ ಅಂತ ಗಲಾಟೆಯಾಗಿ, ಕೊನೆಗೆ ಹೆಸರು ತೆಗೀರಿ ಅಂತ ಅವರೇ ಹೇಳ್ಬೇಕಾಯ್ತು. ಅವರು ಸುಮ್ನಿದ್ರೂ ಸುತ್ತ ಇರೋರು ಸುಮ್ನಿರಲ್ಲ.

ನಮ್ಮ ಚಿಕ್ಕಪ್ಪನ ಮಗಳ ಮದುವೇನೇ ತಗೊಳ್ಳಿ. ಅವಳಿಗೆ ಜ್ಞಾನಸ್ನಾನ ಕೊಟ್ಟಿದ್ದು ಹಳೇ ಫಾದರ್, ಚಿಕ್ಕಮ್ಮ ಸೀದಾ ಅವರ ರೂಮಿಗೇ ಹೋಗಿ ಕೇಳಿದ್ರು, ಅವರು "ನಾನಲ್ದೆ ಇನ್ಯಾರಮ್ಮ ಮಾಡ್ತಾರೆ" ಅಂದ್ಬಿಟ್ರು, ಕಾರ್ಡೂ ಪ್ರಿಂಟಾಯ್ತು. ಹೊಸ ಫಾದರ್‌ಗೆ ವಿಷಯ ಗೊತ್ತಾಗಿದ್ದು ಕಾರ್ಡ್ ಕೈಗೆ ಬಂದಾಗ! 1108ನೇ ವಿಧಿ ಪ್ರಕಾರ ಬಿಷಪ್ ಅಥವಾ ಪ್ಯಾರಿಷ್ ಪ್ರೀಸ್ಟ್ ಅಧಿಕಾರ ಕೊಡದೆ ಬೇರೆ ಗುರು ನಡೆಸಿದ್ರೆ ಮದುವೇನೇ ಅಸಿಂಧು, ಇದು ಹಳೇ ಫಾದರ್‌ಗೆ ಗೊತ್ತಿಲ್ದೆ ಇರತ್ತಾ? ಕಾರ್ಡನ್ನ ಹಿಂದೆ ಮುಂದೆ ತಿರುಗಿಸಿ ನೋಡಿ ಹೊಸಬರು ಏನೂ ಅನ್ನದೆ ಅನುಮತಿ ಬರೆದುಕೊಟ್ರು. ಇನ್ನೇನು ಮಾಡ್ತಾರೆ, ಇಲ್ಲ ಅಂದಿದ್ರೆ ನಮ್ಮ ಮನೆಯೋರೇ ಮೊದಲು ಬೈತಿದ್ರು. ಮದುವೆ ಪೂಜೇಲಿ ಮಾಡಿದ ಉಪದೇಶದಲ್ಲಿ ಹಳೇ ಫಾದರ್ ಅರ್ಧ ಹೊತ್ತು ಹೇಳಿದ್ದು ಈ ಚರ್ಚ್ ಕಟ್ಟಿಸಿದ ಕಥೆ, ಪಕ್ಕದ ಕುರ್ಚೀಲಿ ಹೊಸಬರು ನೆಲ ನೋಡ್ತಾ ಕೂತಿದ್ರು.

ಆಮೇಲಂತೂ ಪೂಜೆ ಟೈಮ್ ಬದಲಾದ್ರೂ, ಗಾಯನ ಮಂಡಳೀಲಿ ಜಗಳ ಆದ್ರೂ ಎಲ್ರೂ ಓಡೋದು ಹಳೇ ಫಾದರ್ ವರಾಂಡಕ್ಕೆ. ಪಾಪನಿವೇದನೆ ವಿಷಯ ಬಿಡಿ, ಅದೇನು ದೊಡ್ಡದಲ್ಲ. ವಸತಿ ಕೊಡ್ಲಿ, ಖಂಡಿತ ಕೊಡ್ಲಿ, ಆದ್ರೆ ಕಾನೂನು ಅದೇ ಕಾಂಪೌಂಡ್ ಒಳಗೆ ಕೊಡಿ ಅಂತ ಎಲ್ಲೂ ಹೇಳಲ್ಲ. ಹಬ್ಬಕ್ಕೆ ಬರಬೇಕಾದ್ರೆ ಬರ್ಲಿ, ಹೊಸ ಫಾದರೇ ಫೋನ್ ಮಾಡಿ ಕರೀಲಿ.