ಜಿಮ್ ಕ್ರೈಟನ್‌ನ ಪ್ರಾಣ ತೆಗೆದದ್ದು ಹೋಮ್ ರನ್ ಅಲ್ಲ

‘ಹೋಮ್ ರನ್ ಹೊಡೆದ ರಭಸಕ್ಕೆ ಮೂತ್ರಕೋಶ ಒಡೆದು ಸತ್ತ ಬೇಸ್‌ಬಾಲ್ ಆಟಗಾರ’ ಎಂದು ಬ್ರೂಕ್ಲಿನ್‌ನ ಜಿಮ್ ಕ್ರೈಟನ್ ಬಗ್ಗೆ ಕಥೆಯೊಂದು ಹರಿದಾಡುತ್ತಿದೆ. (ಒಂದೇ ಹೊಡೆತಕ್ಕೆ ನಾಲ್ಕೂ ಬೇಸ್ ಸುತ್ತಿ ಬರುವುದೇ ಹೋಮ್ ರನ್.) ‘ಬೆಲ್ಟ್ ಕಿತ್ತುಹೋಯಿತೇನೋ’ ಎಂದು ಜೊತೆಗಾರನಿಗೆ ಹೇಳಿದನಂತೆ ಎಂಬ ಒಗ್ಗರಣೆ ಬೇರೆ.

ಸಾವು ನಿಜ. 1862ರ ಅಕ್ಟೋಬರ್ 18ರಂದು ತೀರಿಕೊಂಡಾಗ ಎಕ್ಸೆಲ್ಸಿಯರ್ ತಂಡದ ಈ ಪಿಚರ್‌ಗೆ (ಚೆಂಡು ಎಸೆಯುವವನಿಗೆ) ಬರೀ 21 ವರ್ಷ. ನಾಲ್ಕು ದಿನ ಮುಂಚೆ ಮೊರಿಸಾನಿಯಾದ ಯೂನಿಯನ್ ತಂಡದೆದುರು ಆಡಿದ್ದೂ ಹೌದು. ಆದರೆ ಆ ಪಂದ್ಯದ ಅಂದಿನ ವರದಿಯಲ್ಲಿ ಆತನ ಡಬಲ್‌ಗಳಿವೆ (ಎರಡನೇ ಬೇಸ್‌ವರೆಗೆ ಓಡಿಸುವ ಹೊಡೆತಗಳು), ಹೋಮ್ ರನ್ ಇಲ್ಲ. ಅದು ಸೇರಿಕೊಂಡದ್ದು ದಶಕಗಳ ನಂತರ, ಹಳೆಯ ಆಟಗಾರರೊಬ್ಬರ ನೆನಪಿನಿಂದ. ಸಾವಿಗೆ ಕಾರಣ ಮೂತ್ರಕೋಶವಲ್ಲ, ಹರ್ನಿಯಾ (ಕರುಳು ಹೊರಚಾಚುವ ತೊಂದರೆ) ಇದ್ದಿರಬೇಕು ಎನ್ನುತ್ತಾರೆ ಈಗಿನ ಸಂಶೋಧಕರು. ಕ್ಲಬ್‌ನ ಅಧ್ಯಕ್ಷರಂತೂ ಕ್ರಿಕೆಟ್ ಆಡುವಾಗ ಪೆಟ್ಟಾಯಿತು ಎಂದುಬಿಟ್ಟರು. ತಮ್ಮ ಬೇಸ್‌ಬಾಲ್‌ಗೆ ಕೆಟ್ಟ ಹೆಸರು ಬೇಡವೆಂದಿರಬಹುದು!

ಆತನಿಗೆ ಕೊಡುವ ‘ಮೊದಲ ವೃತ್ತಿಪರ ಆಟಗಾರ’ ಎಂಬ ಬಿರುದನ್ನೂ ತುಸು ಎಚ್ಚರದಿಂದ ಓದಬೇಕು. ಆಗ ಹಣ ಪಡೆದು ಆಡುವುದು ನಿಯಮಬಾಹಿರ. ಆತನಿಗೆ ಗುಟ್ಟಾಗಿ ಸಂದಾಯವಾಗುತ್ತಿತ್ತು ಎಂಬುದು ಬಲವಾದ ನಂಬಿಕೆ, ಅಷ್ಟೇ. ಅನುಮಾನವಿಲ್ಲದ್ದು ಆತನ ಎಸೆತ. 45 ಅಡಿ ದೂರದಿಂದ, ಕೈ ಕೆಳಗಿಟ್ಟು, ಮಣಿಕಟ್ಟು ಆಡಿಸದೆ ಚೆಂಡು ಹಾಕಬೇಕಿದ್ದ ಕಾಲವದು. ಕ್ರೈಟನ್ ಯಾರಿಗೂ ಕಾಣದಂತೆ ಮಣಿಕಟ್ಟು ತಿರುವುತ್ತಿದ್ದ ಎಂಬ ದೂರು ಎದುರಾಳಿಗಳದ್ದು.