ಸತ್ಯಾಂಶ: ಅವರ್ ಮೀಟರ್ (ಎಂಜಿನ್ ಓಡಿದ ಗಂಟೆ ತೋರಿಸುವ ಮೀಟರ್) ಕಡಿಮೆ ಇದ್ದ ಮಾತ್ರಕ್ಕೆ ಹಳೇ ಟ್ರ್ಯಾಕ್ಟರ್ ಗಟ್ಟಿಯಲ್ಲ
‘ಮೀಟರ್ 2000 ಗಂಟೆಯೊಳಗಿದ್ದರೆ ಕಣ್ಣು ಮುಚ್ಚಿ ಖರೀದಿಸಿ’ ಎಂಬ ಫಾರ್ವರ್ಡ್ ಸಂದೇಶ ನಂಬಬೇಡಿ. ಮೀಟರ್ ಕೆಟ್ಟು ನಿಂತಿರಬಹುದು, ಬದಲಾಯಿಸಿಯೂ ಇರಬಹುದು.

ದಾವಣಗೆರೆ ಸೀಮೆಯ ಭದ್ರಾ ನಾಲೆ ಗದ್ದೆಗಳಲ್ಲಿ ಕೆಸರು ಹೊಡೆದ ಗಾಡಿಯಾದರೆ ಗಂಟೆಗಿಂತ ಆಯಿಲ್ ಸೀಲ್ (ಆಯಿಲ್ ಸೋರದಂತೆ ತಡೆಯುವ ಬಳೆ) ಮುಖ್ಯ. ಅದು ಸವೆದರೆ ಕೆಸರುನೀರು ಒಳಹೊಕ್ಕು ಬೇರಿಂಗ್ ತಿನ್ನುತ್ತದೆ. ಹಿಂದಿನ ಹೌಸಿಂಗಿನ (ಹಿಂಚಕ್ರಗಳ ನಡುವಿನ ಗೇರ್ ಪೆಟ್ಟಿಗೆಯ) ಆಯಿಲ್ ಸ್ವಲ್ಪ ತೆಗೆಸಿ ನೋಡಿ: ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಮುಂದಿನ ಚಕ್ರ ಜಾಕ್ ಕೊಟ್ಟು ಎತ್ತಿ ಅಲ್ಲಾಡಿಸಿ. ಸಡಿಲವಾಗಿ ಅಲ್ಲಾಡಿದರೆ ಬೇರಿಂಗ್ ಖರ್ಚು ಬೆಲೆಯಲ್ಲಿ ಕಳೆಯಿರಿ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ರೋಟವೇಟರ್ ಎತ್ತಿಸಿ ಎಂಜಿನ್ ಆಫ್ ಮಾಡಿಸಿ, ಕೆಳಗೆ ಯಾರೂ ನಿಲ್ಲಬಾರದು. ರೋಟವೇಟರ್ ಸರಸರನೆ ಇಳಿದರೆ ಅದನ್ನು ಎತ್ತುವ ಹೈಡ್ರಾಲಿಕ್ ಸೋರುತ್ತಿದೆ.

ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಸಾಲ ನಮೂದಾಗಿದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಫಾರಂ 35 (ಸಾಲದ ನಮೂದು ತೆಗೆಸುವ ಅರ್ಜಿ) ನೋಡದೆ ಮುಂಗಡ ಕೊಡಬೇಡಿ.