ಗಾಜಿಗೆ ಜಾಮೀನು

ಭಾನುವಾರ ಬೆಳಿಗ್ಗೆ ಅಕ್ಕನ ಮಗ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಮನೆಗೆ ಬಂದ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವನು ಬೆಣ್ಣೆ ದೋಸೆಯನ್ನು ಪಾರ್ಸಲ್ ತರುತ್ತಾನೆ ಅಂದರೆ ಒಂದೋ ಮನೆಯಲ್ಲಿ ಯಾರೋ ಮಲಗಿರಬೇಕು, ಇಲ್ಲವೇ ಅವನಿಗೆ ಏನೋ ಕೆಲಸ ಆಗಬೇಕಿರಬೇಕು. ಹೆಂಚಿನಿಂದ ಇಳಿದು ಎರಡು ನಿಮಿಷಕ್ಕೇ ಮೆತ್ತಗಾಗುವ ಪದಾರ್ಥ ಅದು. ಊರಿನವರು ಅದನ್ನು ಪೇಪರಿನಲ್ಲಿ ಕಟ್ಟಿಸುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದೆವು.

ಎರಡನೇ ದೋಸೆಯ ಕೊನೆಯ ತುತ್ತಿಗೆ ಸರಿಯಾಗಿ ಬ್ಯಾಗಿನಿಂದ ಕಾಗದ ತೆಗೆದ. "ಮಾಮ, ಸೊಸೈಟೀಲಿ ಸಾಲ ತಗೊಂತಿದೀನಿ. ಜಾಮೀನಿಗೆ ನಿಮ್ದೊಂದು ಸೈನ್ ಬೇಕಿತ್ತು."

"ಏನಕ್ಕೆ ಸಾಲ?"

"ಲೆನ್ಸಿಗೆ."

"ಕ್ಯಾಮೆರಾ ಐತಲ್ಲೋ ನಿನ್ ಹತ್ರ?"

"ಕ್ಯಾಮೆರಾ ಐತೆ. ಲೆನ್ಸ್ ಇಲ್ಲ."

"ಮತ್ತೆ ನಾಕು ವರ್ಷದಿಂದ ಮದ್ವೆ ಫೋಟೋ ಹೆಂಗ್ ತೆಗ್ದೆ?"

"ಡಬ್ಬಿ ಜೊತೆ ಬಂದಿದ್ದು ಒಂದೈತೆ ಮಾಮ. ಅದನ್ನ ಲೆನ್ಸ್ ಅನ್ನಲ್ಲ."

ಕಾಗದದಲ್ಲಿ ಮೊತ್ತ ನೋಡಿದೆ. ಒಂದು ಲಕ್ಷದ ನಲವತ್ತು ಸಾವಿರ. ಬಾಯಲ್ಲಿದ್ದ ಬೆಣ್ಣೆ ಅಲ್ಲೇ ಗಟ್ಟಿಯಾಯಿತು. ಮನೆ ಮುಂದೆ ನಿಂತಿರುವ ನನ್ನ ಸ್ಕೂಟರಿಗೆ, ಇನ್ಶೂರೆನ್ಸೂ ಸೇರಿ, ನಾನು ಕೊಟ್ಟದ್ದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸ್ಕೂಟರಿಗಾದರೆ ಇಂಜಿನ್ ಇದೆ, ಹಾರನ್ ಇದೆ, ಸೀಟಿನ ಕೆಳಗೆ ಎರಡು ಕಿಲೋ ಈರುಳ್ಳಿ ಹಿಡಿಯುವ ಜಾಗ ಇದೆ.

ಅವನು ವಿವರಿಸಿದ. ಡಬ್ಬಿ ಲೆನ್ಸಿನಲ್ಲಿ ದೂರದ್ದನ್ನು ಹತ್ತಿರ ಎಳೆದರೆ, ಬೆಳಕು ಒಳಬಿಡುವ ಅದರ ಬಾಯಿಯ ಅಂಕಿ 5.6ಕ್ಕೆ ಹೋಗುತ್ತದಂತೆ, ಇದರಲ್ಲಿ ಎಷ್ಟು ಎಳೆದರೂ 2.8. ಶಾಲೆಯ ರ್ಯಾಂಕಿನ ಹಾಗೆ ಇಲ್ಲಿಯೂ ಅಂಕಿ ಸಣ್ಣದಾದಷ್ಟು ದೊಡ್ಡಸ್ತಿಕೆ. 5.6ರಲ್ಲಿ ಬರುವ ಬೆಳಕಿನ ನಾಲ್ಕರಷ್ಟು 2.8ರಲ್ಲಿ ಒಳಗೆ ಬರುತ್ತದೆ. ಹಾಗೆ ಬರಬೇಕಾದರೆ ಬಾಯಿ ಅಗಲ ಬೇಕು. ಪೂರ್ತಿ ಎಳೆದಾಗ ಈ ಲೆನ್ಸಿನ ಫೋಕಲ್ ಲೆಂತ್ 200 ಮಿಲಿಮೀಟರು; ಅದನ್ನು 2.8ರಿಂದ ಭಾಗಿಸಿದರೆ ಬಾಯಿಯ ಅಗಲ 71 ಮಿಲಿಮೀಟರು, 5.6ರಿಂದ ಭಾಗಿಸಿದರೆ ಅದರರ್ಧ. ಇಷ್ಟು ಅಗಲದ ಗಾಜನ್ನು ಅಂಚಿನವರೆಗೂ ತಪ್ಪಿಲ್ಲದೆ ಉಜ್ಜಬೇಕಲ್ಲ, ದುಡ್ಡು ಅಲ್ಲಿಗೆ ಹೋಗುತ್ತದೆ. ಅವನ ಕಣ್ಣು ಬಿದ್ದಿದ್ದ ಆ ಮಾಡೆಲ್ಲಿನಲ್ಲಿ ಗಾಜು ಒಂದಲ್ಲ, 23. ತೂಕ ಸುಮಾರು ಒಂದೂವರೆ ಕಿಲೋ. ಅವುಗಳಲ್ಲಿ ಒಂದು ಗಾಜೇ ಅಲ್ಲ, ಫ್ಲೋರೈಟ್ ಎಂಬ ಹರಳು. ಬಣ್ಣಗಳು ಅಂಚಿನಲ್ಲಿ ಒಡೆದು ನೇರಳೆ ಗೆರೆ ಬೀಳದಂತೆ ಅದು ತಡೆಯುತ್ತದೆ. ದೊಡ್ಡ, ಶುದ್ಧ ಹರಳು ನೆಲದಲ್ಲಿ ಸಿಗುವುದು ಅಪರೂಪ. ಅದಕ್ಕೆ ಕ್ಯಾನನ್ ಕಂಪನಿಯವರು ತಾವೇ ಬೆಳೆಸಿ, 1969ರಲ್ಲಿ ಅಂಥ ಹರಳಿನ ಲೆನ್ಸನ್ನು ಮಾರಾಟಕ್ಕೆ ತಂದರು.

ಇಷ್ಟಾದರೂ ನಾನು ಪೆನ್ನು ಮುಟ್ಟಲಿಲ್ಲ ಎಂದು ಇನ್ನೊಂದು ಕಥೆ ತೆಗೆದ. ಜರ್ಮನಿಯ ಜೈಸ್ ಕಂಪನಿ ಅಮೆರಿಕದ ನಾಸಾಕ್ಕೆಂದು 1960ರ ದಶಕದಲ್ಲಿ 0.7 ಅಂಕಿಯ ಲೆನ್ಸ್ ಮಾಡಿತ್ತು, ಹತ್ತೇ ಹತ್ತು. ಅದರಲ್ಲಿ ಮೂರನ್ನು ಕುಬ್ರಿಕ್ ಎಂಬ ಸಿನಿಮಾ ನಿರ್ದೇಶಕ ಕೊಂಡು, ಬರೀ ಮೇಣದಬತ್ತಿ ಬೆಳಕಿನಲ್ಲಿ ದೃಶ್ಯ ತೆಗೆದ. ಕರೆಂಟು ಹೋದಾಗಲೆಲ್ಲ ಮೇಣದಬತ್ತಿ ಬೆಳಕಿನಲ್ಲೇ ಎಸ್ಸೆಸ್ಸೆಲ್ಸಿ ಓದಿ ಮುಗಿಸಿದ ನನಗೆ ಇದೇನು ದೊಡ್ಡ ಸಾಧನೆ ಅನ್ನಿಸಲಿಲ್ಲ.

"ಮಾಮ," ಅಂದ ಕೊನೆಗೆ, "ಅಜ್ಜಂಗೆ ಹತ್ತಿ ಇದ್ದಂಗೆ ನಂಗೆ ಇದು."

ಆ ಮಾತು ಅವನಿಗೆ ಅವರವ್ವ ಹೇಳಿಕೊಟ್ಟು ಕಳಿಸಿದ್ದು. ನನ್ನ ಅಕ್ಕನಿಗೆ ನನ್ನ ಮರ್ಮ ಗೊತ್ತು.

ನಮ್ಮಪ್ಪ ಇಲ್ಲಿಯ ಮಂಡಿಪೇಟೆಯ ಅಡತಿ ಅಂಗಡಿಯೊಂದರಲ್ಲಿ ಹತ್ತಿ ನೋಡುವ ಕೆಲಸದಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಮಿಲ್ಲಿನ ಸೀಟಿಗೆ ಊರು ಏಳುತ್ತಿತ್ತು, ಮಿಲ್ಲಿನ ಸೀಟಿಗೆ ಉಣ್ಣುತ್ತಿತ್ತು. ಅಂಡಿಗೆಯೊಳಗೆ ಮೊಳಕೈವರೆಗೂ ಕೈ ಹಾಕಿ ಅಪ್ಪ ಒಂದು ಹಿಡಿ ಹತ್ತಿ ಕಿತ್ತು ತೆಗೆಯುತ್ತಿದ್ದರು. ಮೇಲಿನ ಹತ್ತಿ ನೋಡುವವನು ಮೂರ್ಖ ಅನ್ನುವುದು ಅವರ ಮಾತು. ಎರಡೂ ಕೈಯ ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ಹಿಡಿದು ಎಳೆದು, ಒಂದರ ಮೇಲೊಂದಿಟ್ಟು, ಮತ್ತೆ ಎಳೆದು, ಎಲ್ಲ ಎಳೆಗಳೂ ಬಾಚಿದ ಕೂದಲಿನಂತೆ ಸಾಲಾಗುವ ತನಕ ಹಾಗೆ ಮಾಡಿ, ಕರೀ ಕೋಟಿನ ತೋಳಿನ ಮೇಲಿಟ್ಟು ಉದ್ದ ಹೇಳುತ್ತಿದ್ದರು. ಧಾರವಾಡದ ಹತ್ತಿ ವಿಜ್ಞಾನಿ ಕಟಾರ್ಕಿಯವರ ವರಲಕ್ಷ್ಮಿ ಎಂಬ ಉದ್ದ ಎಳೆಯ ಹೈಬ್ರಿಡ್ ಹತ್ತಿ 1972ರಲ್ಲಿ ಬಂದಮೇಲಂತೂ ಅವರಿಗೆ ಉದ್ದ ಎಳೆಯ ಹುಚ್ಚೇ ಹಿಡಿಯಿತು. ಟವೆಲಿನ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುವಾಗ ಒಂದು ಬೆರಳು ಜಾಸ್ತಿ ಒತ್ತಿಬಿಡುತ್ತಿದ್ದರು ಎಂದು ಅಂಗಡಿಯವರ ದೂರಿತ್ತು.

ಅಕ್ಕನ ಮದುವೆ 1986ರಲ್ಲಿ. ಬೀಗಿತ್ತಿಗೆ ಕೊಡಲು ಇಳಕಲ್ ಸೀರೆ ನೋಡುತ್ತಾ ಅಂಗಡಿಯಲ್ಲಿ ಕೂತಿದ್ದೆವು. ಮೂವತ್ತು ಸೀರೆ ಬಿಚ್ಚಿಸಿಯಾಗಿತ್ತು. ಅವ್ವ ಒಂದನ್ನು ಆರಿಸಿದಳು, ದಾಳಿಂಬೆ ಬಣ್ಣದ್ದು. ಸೀರೆಯ ಒಡಲು ನೂಲು ಅಂತ ಗೊತ್ತಾದದ್ದೇ ಅಪ್ಪನ ಕೈ ಸುಮ್ಮನಿರಲಿಲ್ಲ. ಅಂಗಡಿಯವನು ಆಚೆ ತಿರುಗಿದಾಗ ಉಗುರಿನಿಂದ ಒಂದು ದಾರ ಎಳೆದರು. ಒಂದಂಗುಲ ಬರಲಿ ಎಂದು ಎಳೆದದ್ದು, ಗೇಣುದ್ದ ಬಂತು. ಬಂದದ್ದನ್ನು ಕಡಿದು, ನಾಲಿಗೆಗೆ ಮುಟ್ಟಿಸಿ, ಹುರಿ ಬಿಚ್ಚಿ, ಟ್ಯೂಬ್‌ಲೈಟಿನ ಕಡೆ ಹಿಡಿದು, ಮಂಡಿಯಲ್ಲಿ ಕೂಗುವ ದನಿಯಲ್ಲೇ ಹೇಳಿದರು: "ಗಿಡ್ಡ ಎಳೆ! ಎರಡು ವರ್ಷಕ್ಕೆ ಪಿಸೀತೈತಿ!"

ಆಮೇಲಿನದು ವಿವರವಾಗಿ ಬರೆಯುವಂಥದ್ದಲ್ಲ. ಅಂಗಡಿಯವನು ಸೀರೆಯ ಒಡಲಲ್ಲಿ ಬಿದ್ದ ಗೆರೆಯನ್ನು ಬೆಳಕಿಗೆ ಹಿಡಿದು ಅಲ್ಲಿದ್ದ ಅಷ್ಟೂ ಗಿರಾಕಿಗಳಿಗೆ ತೋರಿಸಿದ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೊನೆಗೆ ಅದನ್ನೂ ಕೊಂಡು, ಬೀಗಿತ್ತಿಗೆ ಇನ್ನೊಂದನ್ನೂ ಕೊಂಡು ಮನೆಗೆ ಬಂದೆವು. ಕೆಟ್ಟ ಸೀರೆ ಅವ್ವನ ಪಾಲಿಗೆ. ಅದನ್ನು ಅವಳು ಹತ್ತೊಂಬತ್ತು ವರ್ಷ ಉಟ್ಟಳು. ಉಟ್ಟಾಗಲೆಲ್ಲ ಅಪ್ಪನ ಮುಂದೆ ಎರಡು ಸಲ ಸುಳಿದಾಡಿ, "ಗಿಡ್ಡ ಎಳೆ" ಅನ್ನುತ್ತಿದ್ದಳು. ಅಪ್ಪ ಪೇಪರು ಮೇಲೆತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಸೀರೆ ಅಪ್ಪನಿಗಿಂತ ಹೆಚ್ಚು ಬಾಳಿತು.

ಹಾಗಾದರೆ ಅಪ್ಪನ ಬೆರಳು ಸುಳ್ಳೇ? ಮಿಲ್ಲಿನವರು ಆ ಬೆರಳನ್ನು ನಂಬಿಯೇ ಸಾವಿರಾರು ಅಂಡಿಗೆ ಕೊಂಡರಲ್ಲ. ನೋಡಿ, ಈ ಪ್ರಶ್ನೆಯನ್ನು ಪೂರ್ತಿ ಯೋಚಿಸಿ ಉತ್ತರ ಸಿಕ್ಕಮೇಲೆ ಸೈನ್ ಹಾಕಬೇಕಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ಮೂರನೇ ದೋಸೆ ತಟ್ಟೆಗೆ ಹಾಕಿ, "ಹಾಕಿ ಕೊಡ್ರಿ, ಪಾಪ ಹುಡುಗ" ಅಂದಳು. ಹಾಕಿದೆ.

ಜಾಮೀನುದಾರನಾದ ಮೇಲೆ ಮಾತಾಡುವ ಹಕ್ಕು ಬಂತೆಂದು ತಿಳಿದು ಒಂದೆರಡು ಮಾತು ಹೇಳಿಯೇಬಿಡುತ್ತೇನೆ. ಕಳೆದ ಐದಾರು ವರ್ಷದಲ್ಲಿ ಎಷ್ಟು ಮದುವೆಗೆ ಹೋಗಿದ್ದೇನೋ, ಒಂದರಲ್ಲೂ ತಾಳಿ ಕಟ್ಟಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಬಿದ್ದದ್ದು ಫೋಟೋದವರ ಬೆನ್ನು. ಅಯ್ನೋರು ಮಂತ್ರ ಮುಗಿಸುವ ಹೊತ್ತಿಗೆ ಆರು ಬೆನ್ನುಗಳು ವೇದಿಕೆಯ ಅಂಚಿಗೆ ಗೋಡೆ ಕಟ್ಟಿರುತ್ತವೆ. ಒಂದು ಮದುವೆಯಲ್ಲಿ ಫೋಕಸ್ ಸರಿ ಬರಲಿಲ್ಲವೆಂದು ತಾಳಿಯ ಗಂಟು ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಗಟ್ಟಿಮೇಳದವರೂ ಮತ್ತೆ ಬಾರಿಸಿದರು. ಅವರಿಗೇನು, ಪಾಪ. ಇಷ್ಟೆಲ್ಲ ಮಾಡಿ, 23 ಗಾಜು ದಾಟಿಸಿ ಸೋಸಿ ತಂದ ಆ ಚಿತ್ರವನ್ನು ಹುಡುಗಿಯ ಚಿಕ್ಕಪ್ಪ ವಾಟ್ಸಾಪಿಗೆ ಹಾಕುತ್ತಾನೆ. ವಾಟ್ಸಾಪು ಅದನ್ನು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತದೆ. ನಾವು ಅದನ್ನು ಬಿರುಕು ಬಿಟ್ಟ ಸ್ಕ್ರೀನಿನಲ್ಲಿ, ಬಸ್ ಸ್ಟ್ಯಾಂಡಿನ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿ ನೋಡಿ "ಸೂಪರ್" ಅನ್ನುತ್ತೇವೆ. ಡಬ್ಬಿ ಲೆನ್ಸಿನದಕ್ಕೂ ಸೂಪರ್ ಅಂದಿದ್ದೆವು.

ಇದನ್ನು ಅಳಿಯನಿಗೆ ಹೇಳಿದೆ. "ನಿಮಗೆ ಗೊತ್ತಾಗಲ್ಲ ಮಾಮ, ನಂಗೆ ಗೊತ್ತಾಗ್ತದೆ" ಅಂದ. ಅಪ್ಪನದೂ ಇದೇ ಮಾತು, ಇದೇ ಕೊಬ್ಬು.

ಲೆನ್ಸು ಬಂತು. ಬಿಳಿ ಬಣ್ಣದ್ದು. ಬಿಸಿಲಿಗೆ ಒಳಗಿನ ಹರಳು ಕಾಯಬಾರದು ಎಂದು ಬಿಳಿ ಬಳಿದಿರುತ್ತಾರಂತೆ. ನಮ್ಮೂರಿನ ಏಪ್ರಿಲ್ ಕಂಡವರೇ ಯಾರೋ ಯೋಚಿಸಿರಬೇಕು. ಅದೇ ತಿಂಗಳು ನಮ್ಮ ಸಂಬಂಧಿಕರದೇ ಒಂದು ಮದುವೆಗೆ ಅವನು ಅದನ್ನು ಹಿಡಿದುಕೊಂಡು ಬಂದ. ನಾನೂ ಹೋದೆ. ಆ ದಿನ ನಾನು ಮದುಮಕ್ಕಳನ್ನು ನೋಡಲಿಲ್ಲ, ಬೆನ್ನುಗಳನ್ನೂ ನೋಡಲಿಲ್ಲ. ಆ ಬಿಳಿ ಕೊಳವೆಯನ್ನೇ ನೋಡುತ್ತಾ ಕೂತೆ. ಬೂಂದಿ ಮೆತ್ತಿದ ಕೈಯ ಒಬ್ಬ ಹುಡುಗ ಅದರ ಹತ್ತಿರ ಹತ್ತಿರ ಹೋದಾಗ ಎದ್ದು ಹೋಗಿ ಅವನ ರಟ್ಟೆ ಹಿಡಿದು ಈಚೆ ತಂದೆ. ಅವರವ್ವ ನನ್ನನ್ನು ಕೆಂಗಣ್ಣಿನಿಂದ ನೋಡಿದಳು. ಮುಹೂರ್ತ ಬಂತು. ಗಟ್ಟಿಮೇಳ ಅಂದರು. ಹಿಂದಿನ ಸಾಲುಗಳಿಂದ ಅಕ್ಕಿಕಾಳು ಹಾರಿತು. ನಮ್ಮ ಕಡೆಯವರು ಅಕ್ಕಿಕಾಳು ಹಾಕುವುದಿಲ್ಲ, ಕವಣೆ ಬೀಸಿದ ಹಾಗೆ ಬೀಸುತ್ತಾರೆ. ಮುಂದಿದ್ದ ಆ 71 ಮಿಲಿಮೀಟರಿನ ಬಾಯಿ ನೆನಪಾಗಿ, "ಏ, ನಿಧಾನಕ್ಕೆ, ಗಾಜು ಐತೆ ಅಲ್ಲಿ!" ಎಂದು ಕೂಗಿದೆ. ವಾಲಗದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಬೀಗರೊಬ್ಬರಿಗೆ ಮಾತ್ರ ಕೇಳಿಸಿತು. ಅವರು ಊಟದ ಪಂಕ್ತಿಯಲ್ಲಿ ನನ್ನಿಂದ ಎರಡೆಲೆ ದೂರ ಕೂತರು.

ಮಾರನೇ ದಿನ ಹೆಂಡತಿ ಬಟ್ಟೆ ಒಗೆಯಲು ಜುಬ್ಬದ ಜೇಬು ತಿರುವಿದಳು. ಒಂದು ಹಿಡಿ ಅಕ್ಕಿಕಾಳು, ಅರಿಶಿಣ ಹಾಗೇ ಇದ್ದದ್ದು, ಬಚ್ಚಲ ಕಲ್ಲಿನ ಮೇಲೆ ಸುರಿಯಿತು.

"ನೀವು ನಿನ್ನೆ ಮದುವೆಗೇ ಹೋಗಿದ್ರಿ ತಾನೆ?" ಅಂದಳು.